ತಾನಾಗಿ ತೆರೆಯುವ ಬಾಗಿಲು: ಸರ್ ಎಂ.ವಿ. ಅವರ ಶತಾಯುಷ್ಯವೂ ಜೀವಕೋಶದ ಗುಟ್ಟೂ

ಸೆಪ್ಟೆಂಬರ್ 15 ಬಂತೆಂದರೆ ನಾಡಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೈಸೂರು ಪೇಟ ಧರಿಸಿದ ಆ ಗಂಭೀರ ಮುಖದ ಭಾವಚಿತ್ರಕ್ಕೆ ಹೂಮಾಲೆ ಏರುತ್ತದೆ. ಬೆಂಗಳೂರಿನ ಪಶ್ಚಿಮ ಭಾಗದ ಮಲ್ಲತ್ತಹಳ್ಳಿಯಲ್ಲಂತೂ ಆ ಹೆಸರಿನಿಂದ ತಪ್ಪಿಸಿಕೊಳ್ಳುವಂತೆಯೇ ಇಲ್ಲ. ಊರಿನ ಪಕ್ಕದಲ್ಲೇ ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆ ಇದೆ. ಮಲ್ಲತ್ತಹಳ್ಳಿಯ ಡಾ. ಅಂಬೇಡ್ಕರ್ ತಾಂತ್ರಿಕ ಮಹಾವಿದ್ಯಾಲಯ ಸಂಯೋಜನೆಗೊಂಡಿರುವುದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ. ಜ್ಞಾನಭಾರತಿ ನಿಲ್ದಾಣದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ಪೂರ್ವಕ್ಕೆ ಹೊರಟರೆ ಸೆಂಟ್ರಲ್ ಕಾಲೇಜಿನ ಬಳಿಯ ನಿಲ್ದಾಣಕ್ಕೂ ಅವರದೇ ಹೆಸರು.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಸಾಧನೆಗಳನ್ನು ಎಣಿಸುವಾಗ ಕೃಷ್ಣರಾಜಸಾಗರ, ಭದ್ರಾವತಿ, ಮೈಸೂರು ವಿಶ್ವವಿದ್ಯಾನಿಲಯಗಳ ಜೊತೆಗೆ ಜನ ಬೆರಗಿನಿಂದ ಹೇಳುವ ಇನ್ನೊಂದು ಸಂಗತಿಯಿದೆ. ಅವರು ನೂರು ವರ್ಷ ಬಾಳಿದರು. ಬರೀ ಬಾಳಲಿಲ್ಲ, ತೊಂಬತ್ತು ದಾಟಿದ ಮೇಲೂ ದುಡಿದರು. ಮಿತಾಹಾರ, ನಿತ್ಯದ ನಡಿಗೆ, ಗಡಿಯಾರದ ಮುಳ್ಳಿನಂಥ ದಿನಚರಿ, ಇವೇ ಅದಕ್ಕೆ ಕಾರಣ ಎಂದು ಶಾಲೆಯ ಪಾಠಗಳಿಂದ ಹಿಡಿದು ವಾಕಿಂಗ್ ಗೆಳೆಯರ ಹರಟೆಯವರೆಗೆ ಎಲ್ಲರೂ ತೀರ್ಪು ಕೊಡುತ್ತಾರೆ. ಈ ತೀರ್ಪಿನಲ್ಲಿ ನಿಜವೆಷ್ಟು? ಜೀವಕೋಶಗಳು ಕಷ್ಟವನ್ನು ಎದುರಿಸುವ ಬಗೆಗೂ ಆಯುಷ್ಯಕ್ಕೂ ಇರುವ ನಂಟನ್ನು ಕಳೆದ ಆರು ದಶಕಗಳಲ್ಲಿ ವಿಜ್ಞಾನ ಒಂದಿಷ್ಟು ಬಿಡಿಸಿದೆ. ಆ ಬೆಳಕಿನಲ್ಲಿ ಅವರ ಬಾಳನ್ನು ಮತ್ತೊಮ್ಮೆ ನೋಡುವುದು ಉಚಿತ.

ಬರಗಾಲ ಕಂಡ ಬಾಲಕ

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ 1861ರ ಸೆಪ್ಟೆಂಬರ್ 15ರಂದು ಅವರ ಜನನವಾಯಿತೆಂದು ಸಾಮಾನ್ಯವಾಗಿ ನಂಬಲಾಗಿದೆ. 1860 ಎಂದು ಹೇಳುವವರೂ ಉಂಟು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಪೂರ್ವಿಕರು ಇಂದಿನ ಆಂಧ್ರಪ್ರದೇಶಕ್ಕೆ ಸೇರಿದ ಮೋಕ್ಷಗುಂಡದಿಂದ ವಲಸೆ ಬಂದವರು. ಹುಡುಗ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಆರಂಭದ ಓದು ಮುಗಿಸಿ, ಬೆಂಗಳೂರಿನಲ್ಲಿ ಸೋದರಮಾವನ ಆಸರೆ ಹಿಡಿದು ಶಿಕ್ಷಣ ಮುಂದುವರಿಸಬೇಕಾಯಿತು.

ಅದೇ ಹೊತ್ತಿಗೆ ಮೈಸೂರು ಸೀಮೆಯ ಮೇಲೆ 1876ರಿಂದ 1878ರವರೆಗಿನ ಮಹಾ ಬರಗಾಲ ಎರಗಿತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೂ ಮಿಕ್ಕಿದ್ದ ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ನಲವತ್ತೆರಡು ಲಕ್ಷದ ಆಸುಪಾಸಿಗೆ ಇಳಿದಿತ್ತು. ವಿಶ್ವೇಶ್ವರಯ್ಯನವರ ಓರಗೆಯ ಎಷ್ಟೋ ಮಕ್ಕಳು ಹದಿನೈದು ದಾಟಲೇ ಇಲ್ಲ. ಅವರ ಶತಾಯುಷ್ಯದ ಕಥೆ ಹೇಳುವವರು ಈ ಅಂಕಿಯನ್ನು ಮರೆಯಬಾರದು. ಕಷ್ಟ ಮನುಷ್ಯನನ್ನು ಗಟ್ಟಿಗೊಳಿಸುತ್ತದೆ ಎಂಬ ಮಾತು ಬದುಕುಳಿದವರನ್ನು ನೋಡಿ ಹುಟ್ಟಿದ್ದು. ಉಳಿಯದವರ ಸಾಕ್ಷ್ಯ ಅದರಲ್ಲಿ ಸೇರಿಲ್ಲ.

ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಖರ್ಚು ತೂಗಿಸಿಕೊಳ್ಳುತ್ತಾ ಅವರು 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದೊಂದಿಗೆ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷವೇ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ ದೊರೆಯಿತು.

ಬಿಸಿಲ ನಾಡಿನಲ್ಲಿ ನೀರಿನ ಕೆಲಸ

ನಾಸಿಕ, ಖಾನದೇಶಗಳಲ್ಲಿ ಸೇವೆ ಆರಂಭಿಸಿದ ಯುವ ಎಂಜಿನಿಯರ್ 1890ರ ದಶಕದ ನಡುವಿನಲ್ಲಿ ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ಹೋಗಬೇಕಾಯಿತು. ಉಪಖಂಡದ ಅತ್ಯಂತ ಸುಡುವ ಸೀಮೆಗಳಲ್ಲಿ ಅದೂ ಒಂದು. ಪಟ್ಟಣದ ಮಗ್ಗುಲಲ್ಲೇ ಸಿಂಧೂ ನದಿ ಹರಿಯುತ್ತಿದ್ದರೂ ಅದರ ನೀರು ಹೂಳಿನಿಂದ ಕೆಂಪಗೆ ಕದಡಿ ಕುಡಿಯಲು ಅನರ್ಹವಾಗಿತ್ತು. ದೊಡ್ಡ ಶೋಧಕ ತೊಟ್ಟಿಗಳನ್ನು ಕಟ್ಟಿಸಲು ಊರಿನ ಪುರಸಭೆಗೆ ಹಣವಿರಲಿಲ್ಲ. ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನ ಪದರಗಳ ಮೂಲಕ ನೀರು ತಾನೇ ಸೋಸಿಕೊಂಡು ಬರುವಂತೆ ಮಾಡಿ, ಅದನ್ನು ಎತ್ತಿ ಊರಿಗೆ ಹರಿಸುವ ವ್ಯವಸ್ಥೆಯನ್ನು ವಿಶ್ವೇಶ್ವರಯ್ಯನವರು ರೂಪಿಸಿದರು.

ಮುಂದೆ 1906ರಲ್ಲಿ ಏಡನ್ ಬಂದರಿನ ಕುಡಿಯುವ ನೀರು ಮತ್ತು ಚರಂಡಿಯ ಸಮಸ್ಯೆಗೆ ಪರಿಹಾರ ಸೂಚಿಸಲು ಸರ್ಕಾರ ಅವರನ್ನೇ ಕಳುಹಿಸಿತು. ಹೀಗೆ ಅವರ ವೃತ್ತಿಯ ಮೊದಲ ಕಾಲು ಶತಮಾನ ಕಳೆದದ್ದು ಬಿಸಿಲು, ದೂಳು ಮತ್ತು ಕೊಳಕು ನೀರಿನ ನಡುವೆ.

ಕೋಡಿಯ ಮೇಲಿನ ಬಾಗಿಲು

ಅವರಿಗೆ ಹೆಸರು ತಂದುಕೊಟ್ಟ ಸಾಧನ ಜನಿಸಿದ್ದು ಪುಣೆಯ ಸಮೀಪದ ಖಡಕ್‌ವಾಸ್ಲಾ ಜಲಾಶಯದಲ್ಲಿ. ಪುಣೆಗೆ ನೀರುಣಿಸುತ್ತಿದ್ದ ಈ ಜಲಾಶಯ ಮಳೆಗಾಲದಲ್ಲಿ ಕೋಡಿಬಿದ್ದು ಬೇಕಾದ ನೀರೆಲ್ಲ ಹರಿದುಹೋಗುತ್ತಿತ್ತು. ಬೇಸಿಗೆಯಲ್ಲಿ ಕೊರತೆ ಕಾಡುತ್ತಿತ್ತು. ಅಣೆಕಟ್ಟೆಯನ್ನು ಎತ್ತರಿಸುವುದು ದುಬಾರಿ ಕೆಲಸ. ಕೋಡಿಯ ಮೇಲೆ ಬಾಗಿಲುಗಳನ್ನು ಕೂರಿಸಿದರೆ ಹೆಚ್ಚು ನೀರು ನಿಲ್ಲುತ್ತದೆ, ನಿಜ. ಆದರೆ ನಡುರಾತ್ರಿ ಪ್ರವಾಹ ಬಂದಾಗ ಬಾಗಿಲು ತೆರೆಯುವವರು ಯಾರು? ಕಾವಲುಗಾರ ಒಂದು ಗಳಿಗೆ ಮೈಮರೆತರೂ ಕಟ್ಟೆಯೇ ಒಡೆಯಬಹುದು.

ವಿಶ್ವೇಶ್ವರಯ್ಯನವರು ಕಂಡುಕೊಂಡ ಉಪಾಯ ಸ್ವಯಂಚಾಲಿತ ಬಾಗಿಲು. ನೀರು ನಿಗದಿತ ಮಟ್ಟ ಮೀರಿದೊಡನೆ ಅದರ ಒತ್ತಡವೇ ಬಾಗಿಲನ್ನು ತೆರೆಸುತ್ತದೆ. ಮಟ್ಟ ಇಳಿದೊಡನೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಮನುಷ್ಯನ ಕೈ ಬೇಕಿಲ್ಲ. 1903ರಲ್ಲಿ ಖಡಕ್‌ವಾಸ್ಲಾದಲ್ಲಿ ಅಳವಡಿಸಿದ ಈ ವಿಧಾನವನ್ನು ಬಳಿಕ ಗ್ವಾಲಿಯರಿನ ತಿಗ್ರಾದಲ್ಲೂ ನಮ್ಮ ಕೃಷ್ಣರಾಜಸಾಗರದಲ್ಲೂ ಅನುಸರಿಸಲಾಯಿತು.

ಈ ಬಾಗಿಲಿನ ತತ್ತ್ವವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಅಪಾಯವೇ ರಕ್ಷಣೆಯನ್ನು ಚಾಲನೆಗೊಳಿಸಬೇಕು. ಅಪಾಯ ಕಳೆದ ಮೇಲೆ ರಕ್ಷಣೆ ತಾನೇ ಹಿಂದೆ ಸರಿಯಬೇಕು. ನಮ್ಮ ದೇಹದ ಪ್ರತಿಯೊಂದು ಜೀವಕೋಶದಲ್ಲೂ ಇದೇ ತತ್ತ್ವ ಕೆಲಸ ಮಾಡುತ್ತಿದೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ನೊಣದ ವರ್ಣತಂತು ಹೇಳಿದ ಸುದ್ದಿ

ವಿಶ್ವೇಶ್ವರಯ್ಯನವರು ನಿಧನರಾದ 1962ರಲ್ಲೇ ಇಟಲಿಯ ಫೆರುಚ್ಚೊ ರಿಟೊಸ್ಸಾ ಎಂಬ ತಳಿವಿಜ್ಞಾನಿ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ಹಣ್ಣಿನ ನೊಣದ ಮರಿಗಳನ್ನು ಇಟ್ಟಿದ್ದ ಪೆಟ್ಟಿಗೆಯ ಉಷ್ಣತೆಯನ್ನು ಯಾರೋ ಆಕಸ್ಮಿಕವಾಗಿ ಏರಿಸಿದ್ದರು. ಅವುಗಳ ಜೊಲ್ಲುಗ್ರಂಥಿಯ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹಿಂದೆಂದೂ ಇಲ್ಲದ ಜಾಗಗಳಲ್ಲಿ ಉಬ್ಬುಗಳು ಎದ್ದಿದ್ದವು. ವರ್ಣತಂತು ಉಬ್ಬಿದೆಯೆಂದರೆ ಅಲ್ಲಿನ ಜೀನುಗಳು ಎಚ್ಚೆತ್ತು ಕೆಲಸ ಆರಂಭಿಸಿವೆ ಎಂದರ್ಥ. ಈ ಸಂಶೋಧನೆಗೆ ಜೀವವಿಜ್ಞಾನದಲ್ಲಿ ಮಹತ್ವವಿಲ್ಲವೆಂದು ಹೇಳಿ ಒಂದು ಪ್ರತಿಷ್ಠಿತ ಪತ್ರಿಕೆ ಅದನ್ನು ಹಿಂದಿರುಗಿಸಿತ್ತು. ಆ ಜೀನುಗಳು ತಯಾರಿಸುವ ಪ್ರೋಟೀನುಗಳು ಪತ್ತೆಯಾದದ್ದು 1974ರಲ್ಲಿ. ಅವಕ್ಕೆ ಶಾಖಾಘಾತ ಪ್ರೋಟೀನುಗಳೆಂಬ ಹೆಸರು ಬಂತು.

ಇವುಗಳ ಕೆಲಸವೇನು? ಜೀವಕೋಶದ ದುಡಿಮೆಯೆಲ್ಲ ನಡೆಯುವುದು ಪ್ರೋಟೀನುಗಳಿಂದ. ದಾರದಂತೆ ಹುಟ್ಟುವ ಪ್ರೋಟೀನು ಸರಿಯಾದ ಆಕಾರಕ್ಕೆ ಮಡಚಿಕೊಂಡರೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಶಾಖ, ವಿಷ, ಆಮ್ಲಜನಕದ ಕೊರತೆ ಮುಂತಾದ ಆಘಾತಗಳಿಗೆ ಸಿಕ್ಕಾಗ ಮಡಿಕೆ ಕೆಡುತ್ತದೆ. ಕೆಟ್ಟವು ಒಂದಕ್ಕೊಂದು ಅಂಟಿಕೊಂಡು ಗಂಟು ಕಟ್ಟುತ್ತವೆ. ಶಾಖಾಘಾತ ಪ್ರೋಟೀನುಗಳು ಪರಿಚಾರಕರಂತೆ ಓಡಿಬಂದು ಕೆಟ್ಟ ಮಡಿಕೆಗಳನ್ನು ಬಿಡಿಸುತ್ತವೆ, ರಿಪೇರಿಗೆ ಒಗ್ಗದವನ್ನು ವಿಲೇವಾರಿಗೆ ಕಳುಹಿಸುತ್ತವೆ.

ಈ ಪಡೆಯನ್ನು ಕರೆಯುವ ಬಗೆಯಲ್ಲೇ ಖಡಕ್‌ವಾಸ್ಲಾದ ಬಾಗಿಲಿನ ಹೋಲಿಕೆ ಇರುವುದು. ಎಚ್‌ಎಸ್‌ಎಫ್-1 ಎಂಬ ಒಂದು ಅಧಿಕಾರಿ ಪ್ರೋಟೀನು ಸಾಮಾನ್ಯ ದಿನಗಳಲ್ಲಿ ಪರಿಚಾರಕರ ಹಿಡಿತದಲ್ಲಿ ಸುಮ್ಮನಿರುತ್ತದೆ. ಕೋಶದಲ್ಲಿ ಕೆಟ್ಟ ಪ್ರೋಟೀನುಗಳು ಹೆಚ್ಚಿದಾಗ ಪರಿಚಾರಕರು ಅತ್ತ ಧಾವಿಸುತ್ತಾರೆ. ಹಿಡಿತ ತಪ್ಪಿದ ಎಚ್‌ಎಸ್‌ಎಫ್-1 ಜೀನುಗಳ ಬಳಿಗೆ ಹೋಗಿ ಇನ್ನಷ್ಟು ಪರಿಚಾರಕರನ್ನು ತಯಾರಿಸುವಂತೆ ಆದೇಶಿಸುತ್ತದೆ. ರಿಪೇರಿ ಮುಗಿದು ಪರಿಚಾರಕರ ಕೈ ಬಿಡುವಾದಾಗ ಅವರು ಮರಳಿ ಬಂದು ಅದನ್ನು ಹಿಡಿದು ಕೂರಿಸುತ್ತಾರೆ. ನೀರು ಏರಿದಾಗ ತೆರೆದು ಇಳಿದಾಗ ಮುಚ್ಚುವ ಬಾಗಿಲಿನ ಲೆಕ್ಕಾಚಾರ ಇದೇ ಅಲ್ಲವೇ?

ಎರಡು ವಾರದ ಹುಳುವಿನ ಪಾಠ

ಇದಕ್ಕೂ ಆಯುಷ್ಯಕ್ಕೂ ಏನು ಸಂಬಂಧ ಎಂಬುದನ್ನು ತೋರಿಸಿಕೊಟ್ಟದ್ದು ಒಂದು ಮಿಲಿಮೀಟರ್ ಉದ್ದದ ದುಂಡುಹುಳು. ಎರಡು ಮೂರು ವಾರಗಳಲ್ಲಿ ಇದರ ಬಾಳು ಮುಗಿಯುವುದರಿಂದ ಮುಪ್ಪಿನ ಅಧ್ಯಯನಕ್ಕೆ ಇದು ಅನುಕೂಲ. ಅಮೆರಿಕದ ಸಿಂಥಿಯಾ ಕೆನ್ಯನ್ ಮತ್ತು ಸಂಗಡಿಗರು 1993ರಲ್ಲಿ ಒಂದೇ ಒಂದು ಜೀನು ಮಾರ್ಪಟ್ಟ ಹುಳುಗಳು ಇಮ್ಮಡಿ ಕಾಲ ಬಾಳುವುದನ್ನು ತೋರಿಸಿದರು. ಮುಪ್ಪೆಂದರೆ ಬರೀ ಸವೆತ, ಅದರಲ್ಲಿ ಮಾಡುವುದೇನೂ ಇಲ್ಲ ಎಂಬ ಭಾವನೆಗೆ ಅಲ್ಲಿ ಪೆಟ್ಟು ಬಿತ್ತು. ಎಚ್‌ಎಸ್‌ಎಫ್-1 ಇಲ್ಲವಾದರೆ ಆ ದೀರ್ಘಾಯುಷ್ಯವೂ ಇಲ್ಲವಾಗುತ್ತದೆ ಎಂಬುದು 2003ರಲ್ಲಿ ತಿಳಿದುಬಂತು. ಅದಕ್ಕೂ ಮೊದಲೇ, 1995ರಲ್ಲಿ, ಹುಳುಗಳಿಗೆ ಕೆಲವು ತಾಸು ಮಾತ್ರ ಹೆಚ್ಚಿನ ಶಾಖ ತಗುಲಿಸಿ ಬಿಟ್ಟರೆ ಅವು ಮುಂದೆ ಹೆಚ್ಚು ದಿನ ಬಾಳುತ್ತವೆ ಎಂಬ ಪ್ರಯೋಗ ವರದಿಯಾಗಿತ್ತು. ಸಣ್ಣ ಪೆಟ್ಟು ಕಾವಲನ್ನು ಎಚ್ಚರಿಸುತ್ತದೆ. ದೊಡ್ಡ ಪೆಟ್ಟು ಕೊಲ್ಲುತ್ತದೆ.

ಮನುಷ್ಯನ ಚರ್ಮದ ಕೋಶಗಳ ಮೇಲೂ ಇಂಥ ಪ್ರಯೋಗ ನಡೆದಿದೆ. ಡೆನ್ಮಾರ್ಕಿನಲ್ಲಿ ಭಾರತೀಯ ಮೂಲದ ವಿಜ್ಞಾನಿ ಸುರೇಶ್ ರತ್ತನ್ ಅವರು ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೋಶಗಳನ್ನು ವಾರಕ್ಕೆ ಎರಡು ಬಾರಿ, ಒಂದೊಂದು ತಾಸು, 41 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಟ್ಟಾಗ ಮುಪ್ಪಿನ ಕೆಲವು ಲಕ್ಷಣಗಳು ಕಡಿಮೆಯಾದವು. ಆದರೆ ಇದು ಗಾಜಿನ ತಟ್ಟೆಯಲ್ಲಿನ ಕೋಶಗಳ ಕಥೆಯೇ ಹೊರತು ಮನುಷ್ಯರ ಆಯುಷ್ಯದ ಕಥೆಯಲ್ಲ.

ಇನ್ನೊಂದು ಸಂಗತಿ ಕಹಿಯಾದುದು. ಹುಳುವಿನಲ್ಲಿ ಈ ರಕ್ಷಣಾ ಬಾಗಿಲು ಮುಪ್ಪಿನ ಕೊನೆಯಲ್ಲಿ ಸವೆದು ನಿಲ್ಲುವುದಲ್ಲ; ಮೊಟ್ಟೆಯಿಡುವ ವಯಸ್ಸು ಬಂದೊಡನೆಯೇ, ಕೆಲವೇ ತಾಸುಗಳಲ್ಲಿ, ಅರ್ಧ ಮುಚ್ಚಿಬಿಡುತ್ತದೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಸಂತಾನ ಮುಂದುವರಿಸುವ ಹೊಣೆ ಆರಂಭವಾದ ಮೇಲೆ ದೇಹವನ್ನು ಕಾಯುವ ಕಾಳಜಿಯನ್ನು ಪ್ರಕೃತಿ ಕಡಿಮೆ ಮಾಡುತ್ತದೆ ಎಂದು ವಿಜ್ಞಾನಿಗಳು ಇದನ್ನು ಅರ್ಥೈಸುತ್ತಾರೆ. ಬಾಗಿಲು ಸದಾ ತೆರೆದಿದ್ದರೆ ಒಳ್ಳೆಯದೇ ಎಂದರೆ ಅದೂ ಅಲ್ಲ. ಎಚ್‌ಎಸ್‌ಎಫ್-1 ಇಲ್ಲದ ಇಲಿಗಳಿಗೆ ಕ್ಯಾನ್ಸರ್ ಗಡ್ಡೆಗಳು ಸುಲಭವಾಗಿ ಬರುವುದಿಲ್ಲವೆಂದು 2007ರಲ್ಲಿ ಗೊತ್ತಾಯಿತು. ಒಳ್ಳೆಯ ಕೋಶವನ್ನು ಕಾಯುವ ಕಾವಲುಗಾರನೇ ಕೆಟ್ಟ ಕೋಶವನ್ನೂ ಕಾಯುತ್ತಾನೆ.

ದಿವಾನಗಿರಿಯ ಭಾರ

ಮುಂಬಯಿ ಸರ್ಕಾರದ ಸೇವೆಯಿಂದ ಸ್ವಇಚ್ಛೆಯಿಂದ ನಿವೃತ್ತರಾಗಿ ವಿದೇಶ ಪ್ರವಾಸದಲ್ಲಿದ್ದಾಗ ವಿಶ್ವೇಶ್ವರಯ್ಯನವರಿಗೆ ಹೈದರಾಬಾದಿನಿಂದ ಕರೆ ಬಂತು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತ್ತು. ನಗರವನ್ನು ಪ್ರವಾಹದಿಂದ ಕಾಯುವ ಹಾಗೂ ಒಳಚರಂಡಿ ನಿರ್ಮಿಸುವ ಯೋಜನೆಗಳನ್ನು ಅವರು ತಯಾರಿಸಿಕೊಟ್ಟರು. ಉಸ್ಮಾನ್‌ಸಾಗರ, ಹಿಮಾಯತ್‌ಸಾಗರಗಳು ಮುಂದೆ ಆ ಯೋಜನೆಯ ಫಲವಾಗಿ ಬಂದವು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ನೇಮಿಸಿದರು. ಮುಂದಿನ ಆರು ವರ್ಷಗಳ ಕೆಲಸದ ಪಟ್ಟಿ ನೋಡಿದರೆ ಇವೆಲ್ಲ ಒಬ್ಬರ ಅಧಿಕಾರಾವಧಿಯಲ್ಲಿ ನಡೆದವೇ ಎಂಬ ಅಚ್ಚರಿ ಮೂಡುತ್ತದೆ. 1911ರಲ್ಲಿ ಶುರುವಾದ ಕೃಷ್ಣರಾಜಸಾಗರದ ಕಾಮಗಾರಿಗೆ ವೇಗ, 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ಕಾವೇರಿ ನೀರಿಗಾಗಿ ಮದರಾಸು ಸರ್ಕಾರದೊಡನೆ ಜಗ್ಗಾಟವೂ ಜೊತೆಗೆ ನಡೆದಿತ್ತು.

ಆ ಅವಧಿಯ ಕೊನೆ ಮಾತ್ರ ನೆಮ್ಮದಿಯದಾಗಿರಲಿಲ್ಲ. ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣೇತರ ಹಿಂದುಳಿದ ಸಮುದಾಯಗಳಿಗೆ ಪ್ರಾತಿನಿಧ್ಯ ಬೇಕೆಂಬ ಕೂಗು ಬಲವಾಯಿತು. ಮಹಾರಾಜರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ನೇತೃತ್ವದ ಸಮಿತಿಯನ್ನು ನೇಮಿಸಿದರು. ಅರ್ಹತೆಯೊಂದೇ ಅಳತೆಗೋಲಾಗಬೇಕೆಂದು ನಂಬಿದ್ದ ದಿವಾನರಿಗೆ ಈ ಮಾರ್ಗ ಒಪ್ಪಿಗೆಯಾಗಲಿಲ್ಲ. ಅದೇ ವರ್ಷ ಅವರು ಅಧಿಕಾರದಿಂದ ಹೊರನಡೆದರು. ಸಾಮಾಜಿಕ ನ್ಯಾಯದ ಈ ಪ್ರಶ್ನೆಯಲ್ಲಿ ಕಾಲ ಮಹಾರಾಜರ ಪರವಾಗಿ ನಿಂತಿತು ಎಂಬುದನ್ನು ಅವರ ಅಭಿಮಾನಿಗಳೂ ಒಪ್ಪಬೇಕಾಗುತ್ತದೆ.

ಮನಸ್ಸಿನ ಒತ್ತಡ ಜೀವಕೋಶದವರೆಗೂ ಇಳಿಯುತ್ತದೆಯೇ? ದೀರ್ಘಕಾಲದ ಕಾಯಿಲೆಯ ಮಕ್ಕಳನ್ನು ಆರೈಕೆ ಮಾಡುವ ತಾಯಂದಿರ ಮೇಲೆ ಅಮೆರಿಕದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೆಚ್ಚು ವರ್ಷ ಒತ್ತಡ ಹೊತ್ತವರ ವರ್ಣತಂತುಗಳ ತುದಿಗಳು ಹೆಚ್ಚು ಗಿಡ್ಡವಾಗಿರುವುದನ್ನು ಕಂಡಿತು. ಬಂದು ಹೋಗುವ ಒತ್ತಡ ಬೇರೆ, ಬಿಡುವಿಲ್ಲದೆ ಕೊರೆಯುವ ಒತ್ತಡ ಬೇರೆ. ಬಾಗಿಲು ತೆರೆದೇ ಉಳಿದರೆ ಜಲಾಶಯ ಬರಿದಾಗುತ್ತದೆ. ಹುದ್ದೆಗೆ ಅಂಟಿಕೊಳ್ಳದೆ ಎರಡೆರಡು ಬಾರಿ ತಾವಾಗಿ ಹೊರಬಂದ ವಿಶ್ವೇಶ್ವರಯ್ಯನವರಿಗೆ ಕೆಲಸದಲ್ಲಿ ಮುಳುಗುವುದು ಹೇಗೆ ಗೊತ್ತಿತ್ತೋ ಬಿಡುವುದೂ ಹಾಗೆಯೇ ಗೊತ್ತಿತ್ತು.

ನಿವೃತ್ತಿಯಿಲ್ಲದ ಬಾಳು

ದಿವಾನಗಿರಿ ಬಿಟ್ಟಾಗ ಅವರ ವಯಸ್ಸು ಐವತ್ತೇಳು. ಮುಂದೆ ಇನ್ನೂ ನಲವತ್ಮೂರು ವರ್ಷಗಳ ಬಾಳು ಕಾದಿತ್ತು. 1920ರಲ್ಲಿ ಭಾರತದ ಪುನರ್ನಿರ್ಮಾಣ ಕುರಿತ ಗ್ರಂಥ ಪ್ರಕಟಿಸಿದರು. 1923ರಿಂದ ಆರು ವರ್ಷ, ನಷ್ಟದಲ್ಲಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಚುಕ್ಕಾಣಿ ಹಿಡಿದರು. 1934ರಲ್ಲಿ ಯೋಜಿತ ಅರ್ಥವ್ಯವಸ್ಥೆಯ ಬಗ್ಗೆ ಬರೆದರು. ಗಾಂಧೀಜಿಯವರ ಕೋರಿಕೆಯಂತೆ ಒರಿಸ್ಸಾದ ಪ್ರವಾಹ ಸಮಸ್ಯೆಯನ್ನು ಅಧ್ಯಯನ ಮಾಡಿ ವರದಿ ಕೊಟ್ಟಾಗ ಎಪ್ಪತ್ತೈದು ದಾಟಿತ್ತು. 1951ರಲ್ಲಿ ತಮ್ಮ ವೃತ್ತಿಜೀವನದ ನೆನಪುಗಳನ್ನು ಪುಸ್ತಕವಾಗಿ ತಂದರು. ತೊಂಬತ್ತು ದಾಟಿದ ಮೇಲೆ ಬಿಹಾರದ ಮೊಕಾಮಾದ ಬಳಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂಬ ಪ್ರಶ್ನೆಯನ್ನು ಪರಿಶೀಲಿಸಿ ಸಲಹೆ ನೀಡಿದರು. ಆ ಸೇತುವೆ 1959ರಲ್ಲಿ ಸಂಚಾರಕ್ಕೆ ತೆರೆಯಿತು. 1955ರಲ್ಲಿ ಭಾರತ ರತ್ನ ಅವರನ್ನು ಅರಸಿ ಬಂತು.

ಅವರ ದಿನಚರಿಯ ಬಗ್ಗೆ ಹೇಳುವ ಮಾತುಗಳು ಬಹುತೇಕ ಒಂದೇ ಚಿತ್ರ ಕೊಡುತ್ತವೆ: ಸಸ್ಯಾಹಾರ, ಹೊಟ್ಟೆ ಬಿರಿಯದಷ್ಟು ಊಟ, ತಪ್ಪದ ನಡಿಗೆ, ಹೊತ್ತಿಗೆ ಸರಿಯಾಗಿ ನಿದ್ದೆ, ಮದ್ಯ ತಂಬಾಕುಗಳಿಂದ ದೂರ. ಇವುಗಳಲ್ಲಿ ನಡಿಗೆ ಮತ್ತು ಮಿತಾಹಾರ ಎರಡೂ ಜೀವಕೋಶಕ್ಕೆ ಒಂದು ಬಗೆಯ ಸೌಮ್ಯ ಕಷ್ಟವೇ. ವ್ಯಾಯಾಮದ ನಂತರ ಸ್ನಾಯುಗಳಲ್ಲಿ ಶಾಖಾಘಾತ ಪ್ರೋಟೀನುಗಳು ಹೆಚ್ಚುತ್ತವೆ. ಆ ಹೊತ್ತಿನಲ್ಲಿ ಉಂಟಾಗುವ ಉತ್ಕರ್ಷಕ ಕಣಗಳೂ ರಕ್ಷಣೆಯನ್ನು ಎಚ್ಚರಿಸುವ ಗಂಟೆಯಂತೆ ಕೆಲಸ ಮಾಡುತ್ತವೆ. ಜರ್ಮನಿಯಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವ್ಯಾಯಾಮದ ಜೊತೆಗೆ ದಿನವೂ ಸಿ ಮತ್ತು ಇ ವಿಟಮಿನ್ ಮಾತ್ರೆ ನುಂಗಿದ ಯುವಕರಿಗೆ ವ್ಯಾಯಾಮದಿಂದ ಸಿಗಬೇಕಾದ ಇನ್ಸುಲಿನ್ ಸಂಬಂಧಿ ಲಾಭವೇ ಸಿಗಲಿಲ್ಲ. ಮಾತ್ರೆಗಳು ಗಂಟೆಯ ಸದ್ದನ್ನೇ ಅಡಗಿಸಿದ್ದವು.

ಮಿತಾಹಾರದ ಕಥೆ ಇನ್ನಷ್ಟು ಹಳೆಯದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕ್ಲೈವ್ ಮೆಕೇ 1935ರಲ್ಲೇ ಕಡಿಮೆ ಉಂಡ ಇಲಿಗಳು ಹೆಚ್ಚು ಕಾಲ ಬಾಳುವುದನ್ನು ವರದಿ ಮಾಡಿದರು. ಪೂರೈಕೆ ತಗ್ಗಿದಾಗ ಕೋಶ ತನ್ನೊಳಗಿನ ಹಳೆಯ ಸಾಮಾನುಗಳನ್ನು ತಾನೇ ಒಡೆದು ಮರುಬಳಕೆ ಮಾಡಿಕೊಳ್ಳುತ್ತದೆ. ಈ ಕ್ರಿಯೆಯ ಗುಟ್ಟು ಬಿಡಿಸಿದ ಜಪಾನಿನ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ಆದರೆ ಕೋತಿಗಳ ಮೇಲೆ ದಶಕಗಳ ಕಾಲ ನಡೆದ ಎರಡು ಅಮೆರಿಕನ್ ಅಧ್ಯಯನಗಳಲ್ಲಿ ಒಂದು 2009ರಲ್ಲಿ ಲಾಭ ಕಂಡಿತು. ಇನ್ನೊಂದು 2012ರಲ್ಲಿ ಆಯುಷ್ಯ ಹೆಚ್ಚಲಿಲ್ಲವೆಂದಿತು. ಮನುಷ್ಯರ ಮೇಲಿನ ಎರಡು ವರ್ಷಗಳ ಪ್ರಯೋಗದಲ್ಲಿ ಕಾಲುಭಾಗ ಊಟ ಬಿಡಲು ಒಪ್ಪಿದ್ದವರು ನಿಜಕ್ಕೂ ಬಿಟ್ಟದ್ದು ಸುಮಾರು ಶೇಕಡ 12. ಅವರ ರಕ್ತದೊತ್ತಡ, ಕೊಲೆಸ್ಟರಾಲ್ ಸುಧಾರಿಸಿದವು. ಆಯುಷ್ಯ ಹೆಚ್ಚಿತೇ ಎಂದು ಹೇಳಲು ಎರಡು ವರ್ಷ ಸಾಲದು.

ಒಂದು ಬಾಳಿನಿಂದ ಏನು ತಿಳಿಯುತ್ತದೆ?

ಹಾಗಾದರೆ ವಿಶ್ವೇಶ್ವರಯ್ಯನವರ ನೂರು ವರ್ಷಕ್ಕೆ ಅವರ ಶಿಸ್ತೇ ಕಾರಣವೇ? ಇರಬಹುದು ಎನ್ನುವುದಕ್ಕಿಂತ ಹೆಚ್ಚೇನನ್ನೂ ಹೇಳಲಾಗದು. ಒಬ್ಬರ ಬಾಳಿನಿಂದ ಕಾರಣ ತೆಗೆಯಲು ಬರುವುದಿಲ್ಲ. ಅದೇ ಶಿಸ್ತಿನಿಂದ ಬಾಳಿ ಐವತ್ತಕ್ಕೇ ತೀರಿಕೊಂಡವರ ಜೀವನಚರಿತ್ರೆಯನ್ನು ಯಾರೂ ದೀರ್ಘಾಯುಷ್ಯದ ಪಾಠವಾಗಿ ಓದುವುದಿಲ್ಲ. ವಂಶವಾಹಿಗಳ ಪಾಲೂ ಉಂಟು. ಡೆನ್ಮಾರ್ಕಿನ ಅವಳಿ ಮಕ್ಕಳ ದಾಖಲೆಗಳನ್ನು ಆಧರಿಸಿ 1996ರಲ್ಲಿ ಪ್ರಕಟವಾದ ಅಧ್ಯಯನ ಆಯುಷ್ಯದ ವ್ಯತ್ಯಾಸದಲ್ಲಿ ಸುಮಾರು ಕಾಲುಭಾಗ ಅದರದೆಂದು ಅಂದಾಜಿಸಿತು. ಅದೃಷ್ಟದ ಪಾಲನ್ನಂತೂ ಅಳೆದವರಿಲ್ಲ. ಪುಣೆಯ ಸಮಾಜ ಸುಧಾರಕ ಧೊಂಡೊ ಕೇಶವ ಕರ್ವೆ ಅವರೂ ಭಾರತ ರತ್ನರು, ಅವರೂ ನೂರು ದಾಟಿ 1962ರಲ್ಲೇ ತೀರಿಕೊಂಡರು. ಇಬ್ಬರ ವೃತ್ತಿ ಬೇರೆ, ಹಾದಿ ಬೇರೆ.

ಇದನ್ನು ಹೇಳಬೇಕಾದ ಅಗತ್ಯವಿದೆ. ಉಪವಾಸದ ಪೊಟ್ಟಣ, ಮಂಜುಗಡ್ಡೆಯ ಸ್ನಾನ, ಮುಪ್ಪು ತಡೆಯುವ ಮಾತ್ರೆಗಳ ಮಾರಾಟ ಇಂದು ನಗರಗಳಲ್ಲಿ ಬಿರುಸಾಗಿದೆ. ಹುಳುವಿನ ಪ್ರಯೋಗವನ್ನು ಮುಂದಿಟ್ಟುಕೊಂಡು ಮನುಷ್ಯನಿಗೆ ಭರವಸೆ ಮಾರುವವರು ಹೆಚ್ಚಿದ್ದಾರೆ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು, ವಯೋವೃದ್ಧರು ವೈದ್ಯರನ್ನು ಕೇಳದೆ ದಿನಗಟ್ಟಲೆ ಉಪವಾಸ ಕೂತರೆ ಅದು ಸೌಮ್ಯ ಕಷ್ಟವಾಗಿ ಉಳಿಯುವುದಿಲ್ಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರ ಚಳಿಗಾಲದ ಕ್ಷಾಮದಲ್ಲಿ ಗರ್ಭದಲ್ಲಿದ್ದ ಡಚ್ ಮಕ್ಕಳಿಗೆ ನಡುವಯಸ್ಸಿನಲ್ಲಿ ಮಧುಮೇಹದ ತೊಂದರೆ ಹೆಚ್ಚಾಗಿ ಕಂಡಿತು. ಇನ್ನೂ ಮುಖ್ಯವಾಗಿ, ಬೇಗ ತೀರಿಕೊಂಡವರು ಶಿಸ್ತಿಲ್ಲದೆ ಸತ್ತರೆಂಬ ಕ್ರೂರ ತೀರ್ಪು ಈ ಬಗೆಯ ಮಾತಿನ ಹಿಂದೆ ಅಡಗಿರುತ್ತದೆ. 1877ರಲ್ಲಿ ಮೈಸೂರಿನ ಹಾದಿಬದಿಯಲ್ಲಿ ಸತ್ತವರಿಗೆ ಕಡಿಮೆಯಾದದ್ದು ಶಿಸ್ತಲ್ಲ, ಅನ್ನ.

ನಲ್ಲಿಯ ನೀರಿನ ಆಯುಷ್ಯ

ಆಯುಷ್ಯದ ವಿಷಯದಲ್ಲಿ ವಿಶ್ವೇಶ್ವರಯ್ಯನವರಿಂದ ಕಲಿಯಬೇಕಾದ ದೊಡ್ಡ ಪಾಠ ಅವರ ಊಟದ ತಟ್ಟೆಯಲ್ಲಿಲ್ಲ, ಅವರ ನಕ್ಷೆಗಳಲ್ಲಿದೆ. ಸಕ್ಕರಿನ ಸೋಸಿದ ನೀರು, ಏಡನ್ನಿನ ಕುಡಿಯುವ ನೀರು, ಹೈದರಾಬಾದಿನ ಒಳಚರಂಡಿ, ಮಂಡ್ಯದ ಬಯಲಿಗೆ ಹರಿದ ಕಾಲುವೆ, ಇವೆಲ್ಲ ಕಾಲರಾ, ಭೇದಿ, ಹಸಿವುಗಳಿಂದ ಜನರನ್ನು ಕಾಯುವ ಕೆಲಸಗಳು. 1941ರಿಂದ 1951ರ ದಶಕದಲ್ಲಿ ಭಾರತೀಯರ ಸರಾಸರಿ ಆಯುಷ್ಯ ಮೂವತ್ತೆರಡು ವರ್ಷದಷ್ಟಿತ್ತು. 2016–20ರ ಅವಧಿಯಲ್ಲಿ ಅದು ಎಪ್ಪತ್ತನ್ನು ಮುಟ್ಟಿತು. ಈ ಏರಿಕೆಯನ್ನು ತಂದದ್ದು ಶುದ್ಧ ನೀರು, ಲಸಿಕೆ, ಆಹಾರ, ಔಷಧಿ, ಹೆರಿಗೆಯ ಆರೈಕೆಗಳು. ಜೀವಕೋಶದ ಬಾಗಿಲು ಎಷ್ಟೇ ಚುರುಕಾಗಿರಲಿ, ದಿನವೂ ಕೊಳಕು ನೀರು ಕುಡಿಯುವ ಮಗುವನ್ನು ಅದೊಂದೇ ಕಾಪಾಡಲಾರದು. ಒಳಗಿನ ಕಾವಲಿಗೆ ಹೊರಗಿನ ಕಾವಲೂ ಬೇಕು.

1960ರ ಸೆಪ್ಟೆಂಬರ್ 15ರಂದು ಅಂಚೆ ಇಲಾಖೆ ಅವರ ಶತಮಾನೋತ್ಸವದ ಅಂಚೆಚೀಟಿ ಹೊರತಂದಾಗ ಅದನ್ನು ನೋಡಲು ಅವರು ಬದುಕಿದ್ದರು. 1962ರ ಏಪ್ರಿಲ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಅವರ ಉಸಿರು ನಿಂತಿತು. ಅಂತ್ಯಕ್ರಿಯೆ ನಡೆದದ್ದು ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ. ಸಮಾಧಿ ಅಲ್ಲಿಯೇ ಇದೆ.

ಅವರು ದಿವಾನರಾಗಿದ್ದಾಗ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹಣ್ಣಿನ ನೊಣಗಳ ತಳಿ ಸಂಗ್ರಹ ಕೇಂದ್ರವೊಂದಿದೆ. ರಿಟೊಸ್ಸಾ ನೋಡಿದ್ದು ಇದೇ ಜಾತಿಯ ನೊಣಗಳ ವರ್ಣತಂತುವನ್ನು. ಕಷ್ಟ ಬಂದಾಗ ಕೋಶ ಹೇಗೆ ಎಚ್ಚರಗೊಳ್ಳುತ್ತದೆ, ಮುಪ್ಪಿನಲ್ಲಿ ಆ ಎಚ್ಚರ ಏಕೆ ಮಂಕಾಗುತ್ತದೆ ಎಂಬ ಪ್ರಶ್ನೆಗಳ ಶೋಧಕ್ಕೆ ಇಂಥ ನೊಣಗಳು ಇಂದಿಗೂ ಪ್ರಯೋಗಪಶುಗಳು.

ಮಲ್ಲತ್ತಹಳ್ಳಿ ಕೆರೆಯ ದಂಡೆಯಲ್ಲಿ ಮುಂಜಾನೆ ಬಿರುಸಾಗಿ ಹೆಜ್ಜೆ ಹಾಕುವವರಿಗೆ ನಡಿಗೆ ಖಂಡಿತ ಒಳ್ಳೆಯದು. ಅವರ ಸ್ನಾಯುಗಳಲ್ಲಿ ಅದೆಷ್ಟೋ ಪುಟ್ಟ ಬಾಗಿಲುಗಳು ಆ ಹೊತ್ತಿನಲ್ಲಿ ತೆರೆದುಕೊಳ್ಳುತ್ತವೆ, ಮನೆಗೆ ಹೋಗಿ ಕುಳಿತಾಗ ಮುಚ್ಚಿಕೊಳ್ಳುತ್ತವೆ. ನಡೆಯುವಾಗ ಒಮ್ಮೆ ಕೆರೆಯ ನೀರಿನ ಕಡೆಗೂ ಕಣ್ಣು ಹಾಯಿಸಿ, ಅದಕ್ಕೆ ಕೊಳಚೆ ಸೇರುತ್ತಿದೆಯೇ ಎಂದು ನೋಡಿ ಪ್ರಶ್ನಿಸಿದರೆ, ಬಡಾವಣೆಗೆ ಹೆಸರು ಕೊಟ್ಟ ಎಂಜಿನಿಯರಿಗೆ ಅದು ಹೂಮಾಲೆಗಿಂತ ಹೆಚ್ಚು ಒಪ್ಪುವ ಗೌರವವಾದೀತು.